ಥಂಡರ್‌ಬರ್ಡ್ ಆಕಾರದ ಬೇಸ್ ಕೊಳ್ಳುವ ಮುನ್ನ: ನೋಟ, ತೂಕ ಮತ್ತು ಜೊತೆಗಾರರ ಮಾತು

ತಗ್ಗುಸ್ವರ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಐದು ಜನರ ರಾಕ್ ತಂಡವೊಂದರಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಇಬ್ಬರು ಗಿಟಾರ್ ವಾದಕರು, ಒಬ್ಬ ಡ್ರಮ್ಮರ್ ಮತ್ತು ಒಬ್ಬ ಗಾಯಕಿ ನನ್ನ ಜೊತೆಗಿದ್ದಾರೆ. ಸದ್ಯ ನನ್ನ ಬಳಿ ಪ್ರಿಸಿಷನ್ ಮಾದರಿಯ ಸಾಧಾರಣ ಬೇಸ್ ಇದೆ. ಇನ್ನೊಂದನ್ನು ಕೊಳ್ಳಲು ಹಣ ಹೊಂದಿಸಿಕೊಂಡಿದ್ದೇನೆ, ಮನಸ್ಸು ಬಹಳ ಕಾಲದಿಂದ ಗಿಬ್ಸನ್ ಥಂಡರ್‌ಬರ್ಡ್‌ನ ಮೇಲೆಯೇ ಇದೆ. ಆದರೆ ತಂಡದಲ್ಲಿ ಒಮ್ಮತವಿಲ್ಲ. ಗಿಟಾರ್ ವಾದಕರಲ್ಲಿ ಒಬ್ಬರು ಅದರ ನೋಟ ನಮ್ಮ ಸಂಗೀತಕ್ಕೆ ಹೇಳಿ ಮಾಡಿಸಿದಂತಿದೆ ಎನ್ನುತ್ತಾರೆ; ಇನ್ನೊಬ್ಬರು ಪಿಟೀಲಿನ ಆಕಾರದ ಹಾಫ್ನರ್ ತೆಗೆದುಕೊಂಡರೆ ಹೆಗಲಿಗೆ ಹಗುರ ಎನ್ನುತ್ತಾರೆ; ಹೆಡ್‌ಸ್ಟಾಕ್ (ನೆಕ್‌ನ, ಅಂದರೆ ಕತ್ತಿನ ತುದಿಯ ತಲೆಭಾಗ) ಇಲ್ಲದ ಸ್ಟೈನ್‌ಬರ್ಗರ್ ಮಾದರಿಯ ಮಾತೆತ್ತಿದರೆ ಇಬ್ಬರೂ ಬೇಡವೆನ್ನುತ್ತಾರೆ. ಬಾಡಿಯ ಆಕಾರದಿಂದ ನಾದ ನಿಜವಾಗಿ ಬದಲಾಗುತ್ತದೆಯೇ, ನಿಂತು ನುಡಿಸುವಾಗ ಅದರಿಂದ ಏನೇನು ತೊಂದರೆಯಾಗಬಹುದು, ನೋಟದ ವಿಚಾರದಲ್ಲಿ ಜೊತೆಗಾರರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಮರಗೆಲಸ ಅವರ ಉತ್ತರ:

ವಾದ್ಯಗಳ ದುರಸ್ತಿ ನನ್ನ ವೃತ್ತಿ, ಹಾಗಾಗಿ ತೂಕದ ಹಂಚಿಕೆಯಿಂದಲೇ ಆರಂಭಿಸುತ್ತೇನೆ. ನಿಮ್ಮ ಬಳಿ ಈಗಿರುವ ಬೇಸನ್ನು ಕೈಗೆತ್ತಿಕೊಂಡು ನೋಡಿ: ಬಾಡಿಯ ಮೇಲಿನ ಕೊಂಬು ಮುಂದಕ್ಕೆ ಚಾಚಿಕೊಂಡು ಹೆಚ್ಚುಕಡಿಮೆ ನೆಕ್‌ನ ಮೇಲಿನ 12ನೇ ಫ್ರೆಟ್‌ವರೆಗೆ (ಸ್ವರದ ಜಾಗ ಗುರುತಿಸುವ ಲೋಹದ ಪಟ್ಟಿ) ಬರುತ್ತದೆ, ಸ್ಟ್ರ್ಯಾಪ್ ಸಿಕ್ಕಿಸುವ ಗುಂಡಿ ಅದರ ತುದಿಯಲ್ಲಿದೆ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನು ಹೊರತಂದಾಗ ಅದಕ್ಕೆ ಎರಡು ಕೊಂಬುಗಳಿದ್ದುದು ಬರಿಯ ಅಲಂಕಾರಕ್ಕಲ್ಲ. 34 ಇಂಚಿನ ತಂತಿಯಳತೆಗೆ (ಕಂಪಿಸುವ ತಂತಿಯ ಉದ್ದ) ಬೇಕಾದ ಉದ್ದನೆಯ ನೆಕ್ ಮತ್ತು ಅದರ ತುದಿಯ ನಾಲ್ಕು ದಪ್ಪ ಟ್ಯೂನರ್‌ಗಳ (ತಂತಿ ಬಿಗಿಸುವ ಕೀಲಿಗಳ) ಭಾರವನ್ನು ಸರಿದೂಗಿಸಲು ತೂಗುವ ಬಿಂದು ಮುಂದಕ್ಕೆ ಬರಲೇಬೇಕಿತ್ತು.

ಥಂಡರ್‌ಬರ್ಡ್‌ನಲ್ಲಿ ಈ ಲೆಕ್ಕ ತಿರುವುಮುರುವು. 1963ರಲ್ಲಿ ಬಂದ ಆ ಬೇಸಿನ ರೂಪವನ್ನು ಬಿಡಿಸಿದ ರೇ ಡೀಟ್ರಿಚ್ ಅದಕ್ಕೂ ಮೊದಲು ಕಾರುಗಳ ಬಾಡಿ ವಿನ್ಯಾಸದಲ್ಲಿ ಹೆಸರು ಮಾಡಿದವರು, ಆ ಓಟದ ಗೆರೆಗಳಲ್ಲಿ ಅವರ ಕೈ ಈಗಲೂ ಕಾಣುತ್ತದೆ. ನನ್ನ ಕಣ್ಣಿಗೆ ಅದಕ್ಕಿಂತ ಸುಂದರವಾದ ಬೇಸ್ ಇನ್ನೊಂದಿಲ್ಲ. ಆದರೆ ಅದರಲ್ಲಿ ಮುಂದಕ್ಕೆ ಚಾಚಿರುವುದು ಕೆಳಗಿನ ಕೊಂಬು, ಮೇಲಿನದು ಗಿಡ್ಡ. ಆದ್ದರಿಂದ ಕೈಬಿಟ್ಟ ಕೂಡಲೇ ನೆಕ್ ನೆಲದತ್ತ ಬಾಗುತ್ತದೆ, ಸ್ವರ ಒತ್ತಬೇಕಾದ ಎಡಗೈ ವಾದ್ಯವನ್ನು ಹೊತ್ತು ನಿಲ್ಲುವ ಕೆಲಸಕ್ಕೂ ಸಿಕ್ಕಿಬೀಳುತ್ತದೆ. ಒಂದು ಗಂಟೆಯ ಕಾರ್ಯಕ್ರಮದ ಕೊನೆಗೆ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗುವುದು ಇದರಿಂದಲೇ. ಒಳಮೈ ಒರಟಾಗಿರುವ ಅಗಲವಾದ ಚರ್ಮದ ಸ್ಟ್ರ್ಯಾಪ್ ಹಾಕುವುದು, ಹಗುರ ಟ್ಯೂನರ್ ಕೂರಿಸುವುದು, ಗುಂಡಿಯ ಜಾಗ ಬದಲಿಸುವುದು ಇವುಗಳಿಂದ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಂಗಡಿಯಲ್ಲಿ ಕುಳಿತು ನುಡಿಸಿ ನೋಡಿದರೆ ಇದು ತಿಳಿಯುವುದಿಲ್ಲ. ನಿಮ್ಮದೇ ಸ್ಟ್ರ್ಯಾಪ್ ಒಯ್ದು, ವೇದಿಕೆಯಲ್ಲಿ ಹಾಕಿಕೊಳ್ಳುವ ಎತ್ತರಕ್ಕೇ ಹಾಕಿಕೊಂಡು, ಎರಡೂ ಕೈಗಳನ್ನು ಬಿಟ್ಟು ನೋಡಿ.

ಕಿರುತಂತಿ ಅವರ ಉತ್ತರ:

ನಾದದ ಬಗ್ಗೆ ಕೇಳಿದ್ದಕ್ಕೆ ಉತ್ತರಿಸುತ್ತೇನೆ. ಗಟ್ಟಿ ಮರದ ಬಾಡಿಯುಳ್ಳ ಬೇಸ್‌ಗಳಲ್ಲಿ ಹೊರಗಿನ ಆಕಾರದಿಂದ ಆಗುವ ವ್ಯತ್ಯಾಸ ಬಹಳ ಕಡಿಮೆ. ಯಾವ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಅದು ಬ್ರಿಡ್ಜ್‌ನಿಂದ (ಬಾಡಿಯ ಮೇಲೆ ತಂತಿಗಳನ್ನು ಹೊರುವ ಭಾಗ) ಎಷ್ಟು ದೂರದಲ್ಲಿದೆ, ತಂತಿಗಳು ಹೊಸವೋ ಹಳೆಯವೋ, ನೆಕ್ ಎಷ್ಟು ಉದ್ದ, ಬೆರಳಿನಿಂದ ಮೀಟುತ್ತೀರೋ ಪಿಕ್‌ನಿಂದಲೋ ಎಂಬುದರಿಂದ ಆಗುವ ವ್ಯತ್ಯಾಸದ ಮುಂದೆ ಅದು ಕಿವಿಗೆ ಬೀಳುವುದೇ ಇಲ್ಲ. ಪ್ರಿಸಿಷನ್‌ನ ಪರಿಚಿತ ನಾದಕ್ಕೆ ಕಾರಣ 1957ರಲ್ಲಿ ಬಂದ ಎರಡು ತುಂಡಾದ ಪಿಕಪ್ ಮತ್ತು ಅದು ಕೂತಿರುವ ಜಾಗ.

ಹಾಫ್ನರ್‌ನ ವಿಷಯ ಬೇರೆ. ಅದರ ಬಾಡಿ ಪೊಳ್ಳು, ತಂತಿಯಳತೆ ಸುಮಾರು 30 ಇಂಚು ಮಾತ್ರ. ಅಲ್ಲಿ ಕಟ್ಟುವ ರೀತಿಯೇ ಬೇರೆಯಾದ್ದರಿಂದ ನಾದವೂ ದುಂಡಗೆ, ಬೇಗ ಆರುವಂತೆ ಬರುತ್ತದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಅದನ್ನು ಕೊಂಡಾಗ ಬೆಲೆ ಕೈಗೆಟುಕುವಂತಿದ್ದುದರ ಜೊತೆಗೆ ಆಕಾರವೂ ಒಂದು ಕಾರಣವಾಗಿತ್ತು: ಎಡಗೈಯವರಾದ ಅವರಿಗೆ ಎರಡೂ ಬದಿ ಒಂದೇ ರೀತಿಯಿದ್ದ ಬಾಡಿ ತಿರುಗಿಸಿ ಹಿಡಿದರೂ ಅಸಹಜವಾಗಿ ಕಾಣುತ್ತಿರಲಿಲ್ಲ. ನೋಟಕ್ಕಾಗಿ ವಾದ್ಯ ಆರಿಸುವುದು ಹಗುರ ಮನಸ್ಸಿನ ಕೆಲಸವೆಂದು ಯಾರಾದರೂ ಹೇಳಿದರೆ ಈ ಉದಾಹರಣೆ ಕೊಡಿ.

ಆದರೆ ಡಿಸ್ಟಾರ್ಷನ್ (ನಾದವನ್ನು ಒರಟಾಗಿಸುವ ಪರಿಣಾಮ) ಹಾಕಿದ ಎರಡು ಗಿಟಾರ್‌ಗಳಿರುವ ತಂಡದಲ್ಲಿ ಹಾಫ್ನರ್ ಮುಳುಗಿಹೋಗುವ ಅಪಾಯವಿದೆ. ಬೇಸಿನ ಬಿಟ್ಟ ಇ ತಂತಿಯ ಮೂಲ ಕಂಪನ 41 ಹರ್ಟ್ಜ್, ಗಿಟಾರಿನದು 82. ಅದರ ಮೇಲಿನ ವಲಯದಲ್ಲಿ ಗಿಟಾರ್‌ಗಳು ಜಾಗವನ್ನೆಲ್ಲ ತುಂಬಿಕೊಂಡರೆ ಬೇಸಿನ ಗುನುಗು ಮಾತ್ರ ಉಳಿದು ಯಾವ ಸ್ವರವೆಂಬುದು ಸ್ಪಷ್ಟವಾಗುವುದಿಲ್ಲ. ಥಂಡರ್‌ಬರ್ಡ್‌ನ ಹಂಬಕರ್ (ಎರಡು ಸುರುಳಿಗಳ) ಪಿಕಪ್‌ಗಳು ದಪ್ಪ ನಾದ ಕೊಡುತ್ತವೆ, ಅದು ಈ ಸಂಗೀತಕ್ಕೆ ಒಗ್ಗುತ್ತದೆ. ಆದರೂ ಗಿಟಾರ್ ವಾದಕರು ತಮ್ಮ ಆಂಪ್‌ನ ತಗ್ಗಿನ ನಾದವನ್ನು ಸ್ವಲ್ಪ ಇಳಿಸಲು ಒಪ್ಪದಿದ್ದರೆ ಯಾವ ಆಕಾರದ ಬೇಸ್ ತಂದರೂ ಅದೇ ತಕರಾರು ಉಳಿಯುತ್ತದೆ. ತಂಡದವರ ಜೊತೆ ಚರ್ಚಿಸಬೇಕಾದದ್ದು ಇದನ್ನು.

ತಾಳಮೇಳ ಅವರ ಉತ್ತರ:

ನಾನು ಡ್ರಮ್ಮರ್, ಆದ್ದರಿಂದ ಪಕ್ಕದಲ್ಲಿ ಕುಳಿತವನ ಮಾತು. ಚಿಕ್ಕ ವೇದಿಕೆಗಳಲ್ಲಿ ಬೇಸ್ ವಾದಕರು ಹೈ-ಹ್ಯಾಟ್‌ಗೆ (ಡ್ರಮ್ ಸೆಟ್‌ನ ಜೋಡಿ ಸಿಂಬಲ್‌ಗೆ) ಅಂಟಿಕೊಂಡಂತೆ ನಿಲ್ಲಬೇಕಾಗುತ್ತದೆ, ಉದ್ದದ ಹೆಡ್‌ಸ್ಟಾಕ್ ಸಿಂಬಲ್‌ಗೆ ಬಡಿದರೆ ಆ ಹಾಡಿನ ಮಟ್ಟಿಗೆ ಶ್ರುತಿ ಹೋದಂತೆಯೇ. 1980ರ ಹೊತ್ತಿಗೆ ನೆಡ್ ಸ್ಟೈನ್‌ಬರ್ಗರ್ ತಂದ ತಲೆಯಿಲ್ಲದ ಬೇಸನ್ನು ನಿಮ್ಮ ಗೆಳೆಯರು ನೋಟಕ್ಕಾಗಿ ತಳ್ಳಿಹಾಕುತ್ತಿದ್ದಾರೆ, ಆದರೆ ಪಕ್ಕದವರಿಗೆ ಅದರಷ್ಟು ಅನುಕೂಲವಾದ ವಾದ್ಯ ಇನ್ನೊಂದಿಲ್ಲ. ಇಷ್ಟಾಗಿಯೂ ಅದನ್ನೇ ಕೊಳ್ಳಿ ಎಂದು ನಾನು ಹೇಳಲಾರೆ. ಮನಸ್ಸಿಗೆ ಹಿಡಿಸಿದ ವಾದ್ಯ ಗೋಡೆಯ ಮೇಲಿದ್ದರೆ ದಿನಕ್ಕೆ ನಾಲ್ಕು ಸಲ ಕೈ ಅತ್ತ ಹೋಗುತ್ತದೆ, ಆ ಅಭ್ಯಾಸ ನನ್ನ ಕಿಕ್ ಡ್ರಮ್‌ನ ಜೊತೆ ನಿಮ್ಮ ಸ್ವರ ಕೂಡಿಬೀಳುವುದರಲ್ಲಿ ಕೇಳಿಸುತ್ತದೆ. ನೋಟದ ತೀರ್ಮಾನ ಹೆಗಲಿಗೆ ಹಾಕಿಕೊಳ್ಳುವವರದ್ದೇ ಆಗಿರಲಿ. ಒಂದೇ ಒಂದು ಕೋರಿಕೆಯೆಂದರೆ, ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಸ್ಟ್ರ್ಯಾಪನ್ನು ಮೊಣಕಾಲಿನವರೆಗೆ ಇಳಿಬಿಡಬೇಡಿ. ಎಡಗೈ ಮಣಿಕಟ್ಟು ವಿಪರೀತ ಬಾಗಿದರೆ ಮೊದಲು ಕೆಡುವುದು ಲಯ.

ತಗ್ಗುಸ್ವರ:

ಮೂವರಿಗೂ ಧನ್ಯವಾದಗಳು. ಸ್ಟ್ರ್ಯಾಪ್ ಒಯ್ದು ಪರೀಕ್ಷಿಸಿ, ನಂತರವೇ ಥಂಡರ್‌ಬರ್ಡ್‌ನ ತೀರ್ಮಾನ ಮಾಡುತ್ತೇನೆ. ಆಂಪ್‌ಗಳ ವಿಷಯವನ್ನು ಮುಂದಿನ ಅಭ್ಯಾಸದಲ್ಲಿ ಎತ್ತುತ್ತೇನೆ. ಮರಗೆಲಸ ಅವರೇ, ಗುಂಡಿಯ ಜಾಗ ಬದಲಿಸುವ ಕೆಲಸವನ್ನು ಮನೆಯಲ್ಲೇ ಮಾಡಬಹುದೇ?

ಮರಗೆಲಸ:

ಮಾಡಬಹುದು, ಆದರೆ ಅವಸರ ಬೇಡ. ಮೊದಲು ಗಟ್ಟಿ ದಾರದಿಂದ ಸ್ಟ್ರ್ಯಾಪನ್ನು ಹೊಸ ಜಾಗದ ಹತ್ತಿರ ತಾತ್ಕಾಲಿಕವಾಗಿ ಕಟ್ಟಿ, ತೂಕ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಿ. ಸರಿಯೆನಿಸಿದರೆ ಅಲ್ಲಿ ಪೇಂಟ್ ಸೀಳದಂತೆ ಟೇಪ್ ಅಂಟಿಸಿ, ಸ್ಕ್ರೂಗಿಂತ ತುಸು ಸಣ್ಣ ರಂಧ್ರ ಕೊರೆದು, ಸ್ಕ್ರೂಗೆ ಮೇಣ ಸವರಿ ಕೈಯಿಂದಲೇ ತಿರುಗಿಸಿ ಕೂರಿಸಿ. ಹಳೆಯ, ಬೆಲೆಬಾಳುವ ವಾದ್ಯವಾದರೆ ಮಾತ್ರ ಹೊಸ ರಂಧ್ರ ಕೊರೆಯಲೇಬೇಡಿ, ಸ್ಟ್ರ್ಯಾಪ್ ಮತ್ತು ಟ್ಯೂನರ್‌ಗಳಲ್ಲೇ ಸರಿಪಡಿಸಿಕೊಳ್ಳಿ.