ಕಛ್‌ನ ಮೂರು ಮೂಲೆ ಚಿಪ್ಪು: ನಮ್ಮ ತೋಟದಲ್ಲೂ ಸಿಗುತ್ತಾ?

ಸೋಮವಾರಪೇಟೆ_ತೋಟದವ:
ಭಾವನ ಮಗ ಗುಜರಾತಿನ ಕಛ್‌ನ ಭುಜ್‌ನಿಂದ ಕಲ್ಲಾದ ಚಿಪ್ಪೊಂದನ್ನು ತಂದುಕೊಟ್ಟಿದ್ದಾನೆ. ಮೂರು ಮೂಲೆ, ಮೈಮೇಲೆ ದಪ್ಪ ಏಣುಗಳು. ಟ್ರೈಗೋನಿಯಾ ಅನ್ನೋ ಹಳೇ ಕಾಲದ ಕಡಲಚಿಪ್ಪಂತೆ. ನಮ್ಮ ಕಾಫಿ ತೋಟದಲ್ಲಿ ಬಾವಿ ತೋಡಿದ ಕಲ್ಲುಮಣ್ಣಿನ ರಾಶಿ ಹಾಗೇ ಬಿದ್ದಿದೆ. ಅದರಲ್ಲಿ ಹುಡುಕಲಾ? ಚಿಪ್ಪಿನ ಕೊಳೆ ತೆಗೆಯಲು ಕಾಚಂಪುಳಿ (ನಮ್ಮ ಕೊಡಗಿನ ಅಡುಗೆ ಹುಳಿ) ಹಾಕಿ ಉಜ್ಜು ಅಂತಾಳೆ ನಮ್ಮ ಮನೆಯವಳು.

ಕಲ್ಲುಮಣ್ಣು_ಮೇಷ್ಟ್ರು, ಮಡಿಕೇರಿ:
ಅಯ್ಯೋ, ಕಾಚಂಪುಳಿ ಪಂದಿಕರಿಗೇ ಇರಲಿ ಮಾರಾಯ್ರೇ! ಚಿಪ್ಪಿನಲ್ಲಿ ಸುಣ್ಣದ ಅಂಶ ಇದ್ದರೆ ಹುಳಿಗೆ ಕರಗಿಹೋಗುತ್ತದೆ. ನೀರು, ಹಳೇ ಟೂತ್‌ಬ್ರಷ್ ಸಾಕು.
ತೋಟದಲ್ಲಿ ಸುಮ್ನೆ ಹುಡುಕಬೇಡಿ. ನಮ್ಮ ಕೊಡಗಿನ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಆಗ ಚಿಪ್ಪಿನ ಪ್ರಾಣಿಗಳೇ ಇರಲಿಲ್ಲ. ಟ್ರೈಗೋನಿಯಾ ಇದ್ದದ್ದು ಡೈನೋಸಾರ್‌ಗಳ ಕಾಲದ ಕಡಲಲ್ಲಿ. ಜುರಾಸಿಕ್ ಕಾಲದಲ್ಲಿ ಕಛ್ ಕಡಲಡಿಯಲ್ಲಿತ್ತು, ಅದಕ್ಕೇ ಅಲ್ಲಿ ಸಿಗುತ್ತದೆ.

ಗೋಣಿಕೊಪ್ಪ_ಹುಡುಗಿ:
ಅದರ ನೆಂಟರು ಇನ್ನೂ ಇದ್ದಾರೆ ಅಣ್ಣ! ನಿಯೋಟ್ರೈಗೋನಿಯಾ ಅಂತ, ಆಸ್ಟ್ರೇಲಿಯಾದ ಕಡಲಲ್ಲಿ. ಈ ವಂಶವೇ ಅಳಿದಿದೆ ಅಂದುಕೊಂಡಿದ್ದರು. 1802ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಪೆರೋನ್‌ಗೆ ಟಾಸ್ಮೇನಿಯಾ ದಡದಲ್ಲಿ ನಿಯೋಟ್ರೈಗೋನಿಯಾ ಚಿಪ್ಪು ಸಿಕ್ಕಿತು. ಕಡಲ ಪಳೆಯುಳಿಕೆ ಹತ್ತಿರದಲ್ಲೇ ನೋಡಬೇಕಾ? ತಮಿಳುನಾಡಿನ ಅರಿಯಲೂರಿಗೆ ಹೋಗಿ. ನಮ್ಮ ಕಾವೇರಿ ಹರಿಯುವ ಸೀಮೆಯೇ ಅಲ್ವಾ.

ಸೋಮವಾರಪೇಟೆ_ತೋಟದವ:
ಸರಿ, ಬ್ರಷ್ ಹುಡುಕುತ್ತೇನೆ. ಅರಿಯಲೂರು ಕಾಫಿ ಕೊಯ್ಲು ಮುಗಿದ ಮೇಲೆ.