ದರಕು ಹೀರುವ ಪೆಟ್ರೋಲ್ ಯಂತ್ರ: ಬಳಸಿದವರು ಅನುಭವ ತಿಳಿಸಿ

ಸಿದ್ದಾಪುರದಿಂದ ಪ್ರಶ್ನೆ: ಅಡಿಕೆ ಒಣಗಿಸುವ ಅಂಗಳವನ್ನೂ ಹಲಸು, ಮಾವುಗಳ ಬುಡವನ್ನೂ ಗುಡಿಸಲು ಆಳು ಸಿಗುತ್ತಿಲ್ಲ. ಆದ್ದರಿಂದ ದರಕನ್ನು, ಅಂದರೆ ಒಣಎಲೆಯನ್ನು, ಹೀರಿ, ಪುಡಿ ಮಾಡಿ, ಚೀಲಕ್ಕೆ ತುಂಬುವ ಪೆಟ್ರೋಲ್ ಬ್ಲೋವರ್ ಕೊಳ್ಳಬೇಕೆಂದಿದ್ದೇವೆ. ನಡೆಸುವವರು ನನ್ನ ತಂದೆ. ವಯಸ್ಸು 68, ಎಡಚರು. ಪೆಟ್ರೋಲ್ ತುಂಬುವಾಗ, ಚೀಲ ಬರಿದು ಮಾಡುವಾಗ ಏನೇನು ಜಾಗ್ರತೆ ಬೇಕು? ಎಡಗೈಯವರಿಗೆ ಇದು ಹೊಂದುತ್ತದೆಯೇ?

ಸಾಗರದಿಂದ: ನನ್ನ ಬಲಗೈ ಮೊಣಕೈವರೆಗೆ ಸುಟ್ಟ ಕಥೆಯನ್ನು ಹೇಳುತ್ತೇನೆ. ಕಳೆದ ಫೆಬ್ರವರಿಯಲ್ಲಿ ಅಂಗಳ ಅರ್ಧ ಮುಗಿದಾಗ ಟ್ಯಾಂಕ್ ಬರಿದಾಯಿತು. ಎಂಜಿನ್ ನಿಲ್ಲಿಸಿದೆನಲ್ಲ, ಇನ್ನೇನು ಭಯ ಎಂದು ಅಲ್ಲೇ, ದರಕಿನ ರಾಶಿಯ ಪಕ್ಕದಲ್ಲೇ, ಐದು ಲೀಟರಿನ ಕ್ಯಾನನ್ನು ಬಗ್ಗಿಸಿದೆ. ತುಂಬಿ ತುಳುಕಿದ ಪೆಟ್ರೋಲ್ ಸೈಲೆನ್ಸರಿನ ಮೇಲೆ ಬಿತ್ತು. ಅದು ಇನ್ನೂ ಕಾದೇ ಇತ್ತು. ಭುಗ್ಗೆಂದಿತು. ಹಗ್ಗಕ್ಕೆ ಸಿಕ್ಕಿದ್ದ ಕರುವನ್ನು ಮಗ ಬಿಚ್ಚಿ ಓಡಿಸಿದ. ಇಲ್ಲವಾದರೆ ಅದೂ ಹೋಗುತ್ತಿತ್ತು. ಹನ್ನೊಂದು ದಿನದ ಡ್ರೆಸ್ಸಿಂಗಿಗೆ 14,300 ರೂಪಾಯಿ, ಹೊಸ ಚೀಲಕ್ಕೆ 1,650, ಸುಟ್ಟ ಅಡಿಕೆ ತಟ್ಟಿಗೆ 900. ಯಂತ್ರ ಕೊಟ್ಟ ಅಂಗಡಿಯವನು ಕಾದ ಎಂಜಿನ್ನಿಗೆ ತುಂಬಬಾರದೆಂದು ಒಂದು ಮಾತೂ ಹೇಳಿರಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ ನೆಲದ ಮೇಲೆಯೇ ಹರಿದು ಒಲೆಯನ್ನೋ ಬೀಡಿಯನ್ನೋ ಹುಡುಕಿಕೊಂಡು ಹೋಗುತ್ತದೆ. ಈಗ ನಾನು ಕಾಲು ಗಂಟೆ ಆರಲು ಬಿಟ್ಟು, ಬರಿಯ ಮಣ್ಣಿನ ಮೇಲೆ ಯಂತ್ರವಿಟ್ಟು, ಕಂಠದವರೆಗೆ ತುಂಬದೆ, ಚೆಲ್ಲಿದ್ದನ್ನು ಒರೆಸಿ, ತುಂಬಿದ ಜಾಗದಿಂದ ಹತ್ತು ಹೆಜ್ಜೆ ಆಚೆಗೆ ಒಯ್ದು ಎಂಜಿನ್ ಚಾಲೂ ಮಾಡುವ ಹಗ್ಗ ಎಳೆಯುತ್ತೇನೆ.

ಕೊಪ್ಪದ ಬೆಳೆಗಾರ: ಮೇಲಿನವರು ಆಲಿಕೆ ಬಳಸದೆ ಸುರಿದು, ಅಂಗಡಿಯವನನ್ನು ದೂರುವುದು ಸರಿಯಲ್ಲ. ನಾನು ಏಳು ವರ್ಷದಿಂದ ಕಾಫಿ ಕಣವನ್ನು ಇದರಲ್ಲೇ ಶುಚಿ ಮಾಡುತ್ತಿದ್ದೇನೆ. ಒಂದು ಕಿಡಿ ಕಂಡಿಲ್ಲ. ನನಗೆ ಪೆಟ್ಟು ಕೊಟ್ಟದ್ದು ಬೆಂಕಿಯಲ್ಲ, ಪೆಟ್ರೋಲ್. ನನ್ನ ಯಂತ್ರಕ್ಕೆ ಐವತ್ತಕ್ಕೆ ಒಂದರ ಮಿಶ್ರಣ, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿಗೆ ಬೆರೆಸುವ ಎಣ್ಣೆ), ನಾನು ಸಿರಿಂಜಿನಿಂದಲೇ ಅಳೆಯುತ್ತೇನೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ, ನನ್ನ ಯಂತ್ರದ ಪುಸ್ತಕದಲ್ಲಿ ಶೇ. 10ನ್ನು ಮೀರಬಾರದೆಂದಿದೆ. ಮಳೆಗಾಲವಿಡೀ ಕ್ಯಾನಿನಲ್ಲಿಟ್ಟಿದ್ದ ಮಿಶ್ರಣದಲ್ಲಿ ಎಥನಾಲ್ ತೇವವನ್ನು ಹೀರಿ ಅಡಿಗಿಳಿದಿತ್ತು, ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿದಿತ್ತು. ಟ್ಯಾಂಕಿನ ಕೊಳವೆ ಹೀರುವುದು ಅಡಿಯಿಂದ. ಎಣ್ಣೆಯಿಲ್ಲದೆ ಓಡಿದ ಎಂಜಿನ್ ನಾಲ್ಕೇ ನಿಮಿಷಕ್ಕೆ ಹಿಡಿದುಕೊಂಡು ನಿಂತೇ ಹೋಯಿತು. ಪಿಸ್ಟನ್, ಸಿಲಿಂಡರ್ 4,200, ಕಾರ್ಬ್ಯುರೇಟರಿನ ಪೊರೆ 380, ಚಿಕ್ಕಮಗಳೂರಿಗೆ ಮೂರು ಸಲ ಬಸ್ ಚಾರ್ಜು ಬೇರೆ. ಈಗ ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಬೆರೆಸುತ್ತೇನೆ.

ಸಾಗರದಿಂದ: ಸ್ವಾಮಿ, ಆಲಿಕೆ ಇತ್ತು, ಕೈ ನಡುಗಿತು. ಏಳು ವರ್ಷ ಬೆಂಕಿ ಬೀಳದಿರುವುದು ನಿಮ್ಮ ಪುಣ್ಯ, ಅದನ್ನೇ ಶಿಸ್ತು ಎಂದು ನಮಗೆ ಬೋಧಿಸಬೇಡಿ. ಮಳೆಗಾಲವಿಡೀ ಪೆಟ್ರೋಲನ್ನು ಮನೆಯೊಳಗೆ ಇಟ್ಟುಕೊಂಡವರು ಯಾರು?

ಕೊಪ್ಪದ ಬೆಳೆಗಾರ: ಮನೆಯೊಳಗಲ್ಲ, ಗೋಡೌನಿನಲ್ಲಿ. ಓದಿ ಬರೆಯಿರಿ.

ತೀರ್ಥಹಳ್ಳಿಯ ಗೃಹಿಣಿ: ಬೆಂಕಿ, ಎಣ್ಣೆ ಎಂದು ಜಗಳವಾಡುವವರಲ್ಲಿ ಒಬ್ಬರೂ ಉಣುಗಿನ, ಅಂದರೆ ದರಕಿನಲ್ಲಿದ್ದು ಮಂಗನ ಕಾಯಿಲೆ ಹರಡುವ ಉಣ್ಣಿಯ, ಮಾತೆತ್ತಲಿಲ್ಲ. ನನ್ನ ಮೈದುನ ಕಾಡಂಚಿನ ದರಕನ್ನು ಹೀಗೆಯೇ ಹೀರಿ ಕೊಟ್ಟಿಗೆಗೆ ತಂದ, ಚೀಲವನ್ನು ಬರಿಗೈಯಲ್ಲಿ ಕೊಡವಿದ. ಆರನೆಯ ದಿನಕ್ಕೆ ಜ್ವರ, ಮಂಗನ ಕಾಯಿಲೆ. ಹದಿನಾಲ್ಕು ದಿನ ಆಸ್ಪತ್ರೆ, ಮೂರು ತಿಂಗಳು ನಿಶ್ಶಕ್ತಿ, ಮಂಗಳೂರಿನ ಖರ್ಚಿಗೆ ಅತ್ತೆಯ ಬಳೆ ಅಡವಿಟ್ಟೆವು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ರೋಗ ಇಂದಿಗೂ ನಮ್ಮ ಬೇಸಿಗೆಯನ್ನು ಬಿಟ್ಟಿಲ್ಲ. ಅಂಗಳದ ಎಲೆ ಹೀರಿಕೊಳ್ಳಿ, ಕಾಡಿನದ್ದು ಬೇಡ. ತುಂಬು ತೋಳಿನ ಅಂಗಿ, ಕೈಗವಸು, ಮುಖವಸ್ತ್ರ ಹಾಕಿಕೊಂಡೇ ಚೀಲ ಮುಟ್ಟಬೇಕು.

ಕೊಪ್ಪದ ಬೆಳೆಗಾರ: ಅಕ್ಕಾ, ಕೇಳಿದ್ದು ಪೆಟ್ರೋಲಿನ ವಿಚಾರ.

ತೀರ್ಥಹಳ್ಳಿಯ ಗೃಹಿಣಿ: ಚೀಲ ಬರಿದು ಮಾಡುವುದನ್ನೂ ಕೇಳಿದ್ದಾರೆ. ನಿಮಗೆ ಓದಿ ಬರೆಯಲು ಹೇಳುವವರು ಯಾರು?

ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ: ನಮ್ಮ ರಾಜ್ಯದಲ್ಲಿ 2024ರ ಮಾದರಿಯಿಂದ ಇಂಥ ಸಣ್ಣ ಪೆಟ್ರೋಲ್ ಎಂಜಿನ್ನುಗಳ ಹೊಸ ತಯಾರಿಕೆ, ಮಾರಾಟಕ್ಕೆ ತಡೆ ಬಂದಿದೆ, ಹಳೆಯದನ್ನು ಬಳಸಬಹುದು. ನಾನು ಬ್ಯಾಟರಿಯದಕ್ಕೆ ಬದಲಾದೆ. ಪೆಟ್ರೋಲ್ ತುಂಬುವ ಪ್ರಶ್ನೆಯೇ ಇಲ್ಲ, ಪಕ್ಕದ ಮನೆಯವರ ಬೈಗುಳವೂ ಇಲ್ಲ. ಎರಡನೆಯ ಬ್ಯಾಟರಿ ಮಾತ್ರ ಯಂತ್ರದ ಅರ್ಧ ಬೆಲೆ ತಿಂದಿತು.

ಸಾಗರದಿಂದ: ನಮ್ಮೂರಿನಲ್ಲಿ ಮಳೆಗಾಲದಲ್ಲಿ ಮೂರು ದಿನ ವಿದ್ಯುತ್ತಿಲ್ಲದಿದ್ದರೆ ಯಾರೂ ಕಂಬದ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಬ್ಯಾಟರಿಯನ್ನು ಒಲೆಯ ಮೇಲೆ ಚಾರ್ಜ್ ಮಾಡುವುದೇ?

ಕೊಪ್ಪದ ಬೆಳೆಗಾರ: ಈ ಒಂದು ಮಾತಿಗೆ ಸಾಗರದವರ ಪರ ನಾನಿದ್ದೇನೆ.

ಸಿದ್ದಾಪುರದಿಂದ: ಎಲ್ಲರಿಗೂ ಕೃತಜ್ಞತೆಗಳು. ತಂದೆಯವರು ಎಡಚರು ಎಂದಿದ್ದೆ. ಆ ಬಗ್ಗೆ ಯಾರಾದರೂ…

ಸುಳ್ಯದಿಂದ: ನಾನೂ ಎಡಚ. ನನ್ನ ಯಂತ್ರವನ್ನು ಬಲಗೈಯಲ್ಲಿ ಹಿಡಿಯುವವರಿಗೆಂದೇ ಮಾಡಿದ್ದಾರೆ. ಹಟಕ್ಕೆ ಬಿದ್ದು ಎಡಗೈಗೆ ಬದಲಿಸಿದ ದಿನ ಸೈಲೆನ್ಸರ್ ತೊಡೆಯ ಕಡೆಗೆ ತಿರುಗಿ ಲುಂಗಿ, ಬೈರಾಸು (ಟವೆಲ್) ಎರಡೂ ಸುಟ್ಟವು. ಬಲಗೈಗೆ ಒಗ್ಗಿಕೊಳ್ಳಲು ಎರಡು ವಾರ ಬೇಕಾಯಿತು. ಇನ್ನೊಂದು: ಕೊಳವೆಗೆ ಅಡಿಕೆ ಸಿಪ್ಪೆ ಸಿಕ್ಕಿದಾಗ ಎಂಜಿನ್ ನಿಂತ ಮೇಲೂ ಒಳಗಿನ ಅಲಗು ಕೆಲವು ಕ್ಷಣ ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತು, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಳಚಿದ ನಂತರವೇ ಕೈ ಹಾಕಲು ತಂದೆಯವರಿಗೆ ಹೇಳಿ. ನನ್ನ ತೋರುಬೆರಳಿಗೆ ಐದು ಹೊಲಿಗೆ ಬಿದ್ದಿದೆ, ಬಿದ್ದದ್ದೂ ಎಡಗೈಗೇ.