ಸಹಾಯ ಬೇಕು: ಮೆಕ್ಯಾನಿಕಲ್‌ಗೆ ಯಾವ ಲ್ಯಾಪ್‌ಟಾಪ್?

ತಂಗಿಗೆ ಸಿಇಟಿಯಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿದೆ, ವಿಟಿಯು ಕಾಲೇಜು. ಬಜೆಟ್ 60 ಸಾವಿರ, ಎಳೆದರೆ 65. ಅವಳಿಗೆ ಮ್ಯಾಕ್‌ಬುಕ್ ಮೇಲೆ ಕಣ್ಣು. ಆದರೆ ಕೋರ್ಸಿನಲ್ಲಿ ಯಂತ್ರದ ಭಾಗಗಳನ್ನು ಡಿಸೈನ್ ಮಾಡುವ ಸಾಫ್ಟ್‌ವೇರ್‌ಗಳಾದ ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್ ಎರಡೂ ವಿಂಡೋಸ್‌ಗೆ ಮಾಡಿದ್ದು, ಮ್ಯಾಕ್ ಬೇಡ ಅಂತ ಹೇಳಿ ಹೇಳಿ ಸಾಕಾಗಿದೆ. 16 ಜಿಬಿ ರ‍್ಯಾಮ್ ಅಂತೂ ಬೇಕೇ ಬೇಕು. ಅಂಗಡಿಯವರು ಈಗ 8 ತಗೊಳ್ಳಿ, ಆಮೇಲೆ ಹಾಕಿಸಬಹುದು ಅನ್ನುತ್ತಾರೆ, ಆದರೆ ಕೆಲವದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ ಅಲ್ವಾ?

ನನ್ನ ಗೊಂದಲ ಗ್ರಾಫಿಕ್ಸ್ ಕಾರ್ಡಿನದು. ಅದಿರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಹೆಚ್ಚಿನವು 2 ಕೆಜಿ ದಾಟುತ್ತವೆ, ಚಾರ್ಜರ್ ಬೇರೆ ಇಟ್ಟಿಗೆ ಥರ, ಇವಳು ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗುವವಳು. ಮೊದಲೆರಡು ವರ್ಷ ಕಾರ್ಡ್ ಇಲ್ಲದೆ ನಡೆಯುತ್ತದಾ, ಇಲ್ಲ ಆನ್ಸಿಸ್ (ಭಾಗಗಳ ಮೇಲಿನ ಒತ್ತಡ, ಶಾಖದ ಲೆಕ್ಕ ಹಾಕುವ ಸಾಫ್ಟ್‌ವೇರ್) ಬಂದಾಗ ಪರದಾಡಬೇಕಾ? ಮೆಕ್ಯಾನಿಕಲ್ ಓದಿದವರು ದಯವಿಟ್ಟು ಹೇಳಿ. ಮುಂದಿನ ವಾರವೇ ಕ್ಲಾಸ್ ಶುರು.